ರೈಲು ಹತ್ತುವ ಮುಂಚೆ

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಮಾಲೂರು ಸುತ್ತಮುತ್ತಲ ಇಟ್ಟಿಗೆ ಫ್ಯಾಕ್ಟರಿಗಳಲ್ಲಿ ಸೀಸನ್ ಮುಗಿಯುವ ಹೊತ್ತು ಅದು. ಮಳೆ ಹಿಡಿಯುವುದರೊಳಗೆ ಒಡಿಶಾ ಕಡೆಯವರು ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೊರಡಬೇಕು. ಕೆಲವರಿಗೆ ಲೆಕ್ಕ ತಾಳೆಯಾಗುವುದಿಲ್ಲ. ಕೆಲವರಿಗೆ ಮಾಲೀಕರು ಲೆಕ್ಕವನ್ನೇ ತೋರಿಸುವುದಿಲ್ಲ. ಯಾರ ಕೈಯಿಂದಲೋ ನನ್ನ ನಂಬರ್ ಇಸಿದುಕೊಂಡು ಫೋನ್ ಮಾಡುತ್ತಾರೆ. ಮೊದಲ ಮಾತು ಹೆಚ್ಚುಕಮ್ಮಿ ಎಲ್ಲರದೂ ಒಂದೇ: "ದೀದಿ, ನಾಳಿದ್ದು ಟಿಕೆಟ್ ಇದೆ."

ನಾನು ಕೋಲಾರದಲ್ಲಿ ವಕೀಲೆ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ನಲ್ಲಿದ್ದೇನೆ. ಅದರ ಜೊತೆಗೆ ನಾವು ಕೆಲವರು ಸೇರಿ ವಲಸೆ ಕಾರ್ಮಿಕರಿಗಾಗಿ ಒಂದು ಸಣ್ಣ ಗುಂಪು ಮಾಡಿಕೊಂಡಿದ್ದೇವೆ. ಫೀಸು ತಗೊಳ್ಳುವುದಿಲ್ಲ. ನಮ್ಮ ಹತ್ತಿರ ಬರುವವರು ಮೂರು ಬಗೆ. ಮಾಲೂರಿನ ಇಟ್ಟಿಗೆ ಕೆಲಸದವರು ಒಂದು. ನರಸಾಪುರ, ವೇಮಗಲ್ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಕಂಟ್ರಾಕ್ಟ್ ಮೇಲೆ ದುಡಿಯುವ ಬಿಹಾರ, ಜಾರ್ಖಂಡ್, ಅಸ್ಸಾಂ ಹುಡುಗ ಹುಡುಗಿಯರು ಇನ್ನೊಂದು. ಲೇಔಟ್, ಶೆಡ್ಡು ಕಟ್ಟುವ ಕಡೆ ಗಾರೆ ಕೆಲಸಕ್ಕೆ ಬಂದಿರುವ ಬಂಗಾಳದವರು ಮತ್ತೊಂದು.

ಇವರ ಪರವಾಗಿ ಕಾನೂನಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಾನೂನು ಬೇಕಾದಷ್ಟಿದೆ. ಕೇಸು ಬಿದ್ದುಹೋಗುವುದು ಬೇರೆ ಕಾರಣಕ್ಕೆ. ಆಸಾಮಿ ರೈಲು ಹತ್ತಿ ಹೋಗಿಬಿಡುತ್ತಾನೆ, ಅವನು ಇಲ್ಲಿ ದುಡಿದ ಅನ್ನುವುದಕ್ಕೆ ಒಂದು ಚೀಟಿಯೂ ಉಳಿದಿರುವುದಿಲ್ಲ. ಹಾಗಾಗಿ ನನ್ನ ಅರ್ಧ ವಕೀಲಿಕೆ ನಡೆಯುವುದು ಕೋರ್ಟಿನಲ್ಲಲ್ಲ. ಫೋನ್ ಬಂದ ಗಳಿಗೆಯಿಂದ ರೈಲು ಹೊರಡುವ ಗಳಿಗೆಯವರೆಗೆ ಸಿಗುವ ಸ್ವಲ್ಪ ಸಮಯದಲ್ಲಿ.

ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಜೀತ ಅಥವಾ ಮಾನವ ಸಾಗಣೆಗೆ ಸಿಕ್ಕವರಿಗೆ, ಕಸ್ಟಡಿಯಲ್ಲಿರುವವರಿಗೆ ವಕೀಲರು ಉಚಿತ. ಇವರು ಆದಾಯ ಪ್ರಮಾಣ ಪತ್ರ ತರಬೇಕಾಗಿಲ್ಲ. ಆಧಾರ್ ವಿಳಾಸ ಯಾವ ರಾಜ್ಯದ್ದು ಅಂತಲೂ ಕಾಯ್ದೆ ಕೇಳುವುದಿಲ್ಲ. ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು. ಬರೆಯಲು ಬಾರದಿದ್ದರೆ ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆದೀತು. ಕೂಲಿ ಬಾಕಿಯ ಅರ್ಜಿಗೆ ಹಿಂದೆ ಗಡುವು ಬಹಳ ಬಿಗಿ ಇತ್ತು. ಕನಿಷ್ಠ ವೇತನ ಕಾಯ್ದೆಯಲ್ಲಿ 6 ತಿಂಗಳು, ವೇತನ ಪಾವತಿ ಕಾಯ್ದೆಯಲ್ಲಿ 12 ತಿಂಗಳು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ ಸಂಹಿತೆಯಲ್ಲಿ ಆ ಗಡುವು 3 ವರ್ಷ. ಕೂಲಿ ಕೊಟ್ಟಿದ್ದೇನೆ ಅಂತ ತೋರಿಸುವ ಹೊಣೆ ಮಾಲೀಕನದು. ಕಂಟ್ರಾಕ್ಟರ್ ಕೈಯೆತ್ತಿದರೆ ಕೆಲಸ ಮಾಡಿಸಿಕೊಂಡವನೇ ಕೊಡಬೇಕು.

ಎಲ್ಲ ಒಳ್ಳೆಯದೇ, ಅಲ್ವಾ? ಆದರೆ ಹೊಸ ಸಂಹಿತೆ ಬಂದಿದ್ದರಲ್ಲಿ ನಷ್ಟವೂ ಇದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 5 ಜನರಿದ್ದರೂ ಅನ್ವಯಿಸುತ್ತಿತ್ತು, ಈಗ 10 ಜನ ಬೇಕು. ಊರು ಬಿಟ್ಟು ಬಂದದ್ದಕ್ಕೆ ಕೊಡಬೇಕಿದ್ದ ಸ್ಥಳಾಂತರ ಭತ್ಯೆ ಹೋಯಿತು. ಆ ಭತ್ಯೆ ಕೈಗೆ ಸಿಕ್ಕವರನ್ನು ನಾನಂತೂ ಕಂಡಿಲ್ಲ, ಆದರೆ ರಾಜಿ ಮಾತಿಗೆ ಕೂತಾಗ ಎತ್ತಿ ತೋರಿಸಲು ಅದೊಂದು ಒಳ್ಳೆಯ ಅಸ್ತ್ರವಾಗಿತ್ತು.

ಮಾಲೀಕರಿಗೂ ಇದೆಲ್ಲ ಗೊತ್ತು. ಅದಕ್ಕೇ ಅವರು ಕೂಲಿ ಕೊಟ್ಟಿದ್ದೇವೆ ಅಂತ ವಾದ ಮಾಡುವುದಿಲ್ಲ. "ಮೇಡಂ, ಇವರು ನಮ್ಮವರೇ ಅಲ್ಲ" ಅನ್ನುತ್ತಾರೆ. ಆ ಒಂದು ಮಾತಿಗೆ ಉತ್ತರ ಕೊಡುವುದೇ ನಮ್ಮ ಕೆಲಸ.

ಒಡಿಶಾದ ಬಲಾಂಗೀರ್ ಕಡೆಯ ಒಂದು ಸಂಸಾರದ ಕಥೆ ಹೇಳುತ್ತೇನೆ. ಗಂಡ, ಹೆಂಡತಿ, ಮೈದುನ. ನುವಾಖಾಯಿ ಹಬ್ಬದ ಹೊತ್ತಿಗೆ ಊರಿನಲ್ಲೇ ಸರ್ದಾರನಿಂದ, ಅಂದರೆ ಕೂಲಿಯವರನ್ನು ಕರೆತರುವ ಏಜೆಂಟನಿಂದ, ಮುಂಗಡ ತಗೊಂಡು ಬಂದವರು. ಸಾವಿರ ಇಟ್ಟಿಗೆಗೆ ಇಷ್ಟು ಅಂತ ರೇಟು. ವಾರಕ್ಕೊಮ್ಮೆ ಅಕ್ಕಿ ಬೇಳೆಗೆ ಖರ್ಚಿಗೆ ಕೊಡುತ್ತಾರೆ, ಉಳಿದದ್ದು ಸೀಸನ್ ಕೊನೆಗೆ. ಕೊನೆಗೆ ಬಂದಾಗ ಸರ್ದಾರನ ಫೋನ್ ಸ್ವಿಚ್ ಆಫ್. ಫ್ಯಾಕ್ಟರಿಯವರನ್ನು ಕೇಳಿದರೆ, ಮಳೆಗೆ ಕರಗಿದ ಇಟ್ಟಿಗೆ ಕಳೆದು, ಒಡೆದದ್ದು ಕಳೆದು, ಮುಂಗಡ ಕಳೆದು, ನೀವೇ ನಮಗೆ ಕೊಡಬೇಕು ಅಂತ ಬಾಯಿಲೆಕ್ಕ ಹೇಳಿ ಕಳಿಸಿದ್ದರು. ನಾವು ಹೋಗಿ ಕೇಳಿದಾಗ ಆ ಬಾಯಿಲೆಕ್ಕವೂ ಇಲ್ಲ. ಇವರು ಯಾರೋ ಗೊತ್ತೇ ಇಲ್ಲ ಅಂದರು.

ಆ ಹೆಣ್ಣುಮಗಳ ಹತ್ತಿರ ಒಂದು ಪಾಕೆಟ್ ನೋಟ್‌ಬುಕ್ ಇತ್ತು. ಪ್ರತಿ ದಿನಕ್ಕೂ ಒಡಿಯಾ ಅಂಕಿಯಲ್ಲಿ ಲೆಕ್ಕ. ಹಾಳೆಗಳ ಅಂಚಿಗೆಲ್ಲ ಕೆಮ್ಮಣ್ಣು ಹತ್ತಿತ್ತು. ಅದು ಅವಳೇ ಬರೆದದ್ದು, ಮಾಲೀಕನ ಸಹಿ ಇಲ್ಲ, ಅದೊಂದೇ ಆದರೆ ಸಾಲದು. ಹಾಗಾಗಿ ಇಟ್ಟಿಗೆಯ ಅಚ್ಚಿನ ಫೋಟೋ ಇದೆಯಾ ಅಂತ ಕೇಳಿದೆ. ಇಟ್ಟಿಗೆಯ ನಡುವಿನ ಗುಂಡಿಯಲ್ಲಿ ಫ್ಯಾಕ್ಟರಿಯ ಹೆಸರಿನ ಮೂರು ನಾಲ್ಕು ಇಂಗ್ಲಿಷ್ ಅಕ್ಷರ ಮೂಡಿರುತ್ತದೆ, ನೋಡಿರುತ್ತೀರಿ. ಅಚ್ಚಿನಲ್ಲಿ ಅವು ಉಲ್ಟಾ ಇರುತ್ತವೆ. ಮೈದುನನ ಫೋನಿನಲ್ಲಿ ಸುಮ್ನೆ ತಮಾಷೆಗೆ ತೆಗೆದ ಒಂದು ವಿಡಿಯೋ ಸಿಕ್ಕಿತು. ಅತ್ತಿಗೆ ಕುಕ್ಕರಗಾಲಲ್ಲಿ ಕೂತು ಅಚ್ಚಿಗೆ ಮಣ್ಣು ಒತ್ತಿ, ಮೇಲಿನದನ್ನು ಕೈಯಿಂದ ಸವರಿ, ನೆಲಕ್ಕೆ ಬೋರಲು ಹಾಕುತ್ತಾಳೆ. ಹಸಿ ಇಟ್ಟಿಗೆಯ ಮೇಲೆ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಫ್ಯಾಕ್ಟರಿಯ ಚಿಮಣಿ.

ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿತ್ತು. ಅವಳು ಬಸುರಿ. ಆ ಕಡೆಯ ಆಶಾ ಕಾರ್ಯಕರ್ತೆ ಶೆಡ್ಡಿಗೇ ಹೋಗಿ ಹೆಸರು ಬರೆದುಕೊಂಡು ತಾಯಿ ಕಾರ್ಡ್ ಮಾಡಿಸಿದ್ದರು. ವಿಳಾಸದ ಜಾಗದಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ ಫ್ಯಾಕ್ಟರಿ ಹೆಸರು, ಪಕ್ಕದಲ್ಲಿ "ಲೇಬರ್ ಶೆಡ್". ಸರ್ಕಾರಿ ದಾಖಲೆ, ತಾರೀಕು ಸಮೇತ. ಅಂದಿನಿಂದ ನಾನು ಯಾವ ಸಂಸಾರ ಬಂದರೂ ಮೊದಲು ಕೇಳುವುದು ತಾಯಿ ಕಾರ್ಡು, ಮಗುವಿನ ಲಸಿಕೆ ಕಾರ್ಡು, ಅಂಗನವಾಡಿಯಲ್ಲಿ ಹೆಸರಿದೆಯಾ ಅಂತ. ಕಾರ್ಮಿಕ ಇಲಾಖೆಯ ರಿಜಿಸ್ಟರಿನಲ್ಲಿ ಇಲ್ಲದ ಜನ ಆಶಾ ಅಕ್ಕಂದಿರ ಪುಸ್ತಕದಲ್ಲಿ ಇರುತ್ತಾರೆ.

ಕಾನೂನು ಸೇವೆಯ ಕಡೆಯಿಂದ ನೋಟಿಸ್ ಹೋಯಿತು. ಫ್ಯಾಕ್ಟರಿಯವರು ಲೆಕ್ಕ ಬರೆಯುವವರನ್ನು ಕರೆದುಕೊಂಡು ಬಂದರು. ತಾಯಿ ಕಾರ್ಡಿನ ಜೆರಾಕ್ಸನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ "ನಮ್ಮವರಲ್ಲ" ಅನ್ನುವ ಮಾತು ಬರಲಿಲ್ಲ. ಒಡೆದ ಇಟ್ಟಿಗೆ ಎಷ್ಟು ಅನ್ನುವ ಮಾತಿಗೆ ಇಳಿದರು. ಅಲ್ಲಿಗೆ ಬಂದರೆ ಅರ್ಧ ಗೆದ್ದಂತೆ. ಕೇಳಿದಷ್ಟು ಸಿಗಲಿಲ್ಲ. ಆದರೆ ಕಳೆಯಬಾರದ್ದನ್ನೆಲ್ಲ ಲೆಕ್ಕದಿಂದ ತೆಗೆಸಿದೆವು, ದುಡ್ಡು ಅವಳ ಖಾತೆಗೇ ಹೋಗಬೇಕು ಅಂತ ಬರೆಸಿದೆವು, ರಾಜಿಯನ್ನು ಲೋಕ ಅದಾಲತ್‌ನಲ್ಲಿ ದಾಖಲು ಮಾಡಿಸಿದೆವು. ಹಾಗೆ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಹೋಗುವಂತಿಲ್ಲ.

ಈ ರಾಜಿ ವಿಚಾರದಲ್ಲಿ ನಮ್ಮ ಗುಂಪಿನಲ್ಲೇ ಜಗಳ ಇದೆ. ಪೂರ್ತಿ ಬಾಕಿ, ಅದರ ಮೇಲೆ 10 ಪಟ್ಟಿನವರೆಗೆ ಪರಿಹಾರ ಕೇಳಲು ಕಾನೂನಿರುವಾಗ ಯಾಕೆ ಬಿಟ್ಟುಕೊಡಬೇಕು ಅನ್ನುವವರಿದ್ದಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೂ ನಾನು ತೀರ್ಮಾನವನ್ನು ದುಡಿದವರಿಗೇ ಬಿಡುತ್ತೇನೆ. ಹೊಟ್ಟೆಯಲ್ಲಿ ಮಗು, ಊರಲ್ಲಿ ಬಿತ್ತನೆ ಬಾಕಿ ಇರುವವಳಿಗೆ ಇವತ್ತಿನ ದುಡ್ಡಿಗೂ ಎರಡು ವರ್ಷದ ಮೇಲಿನ ದುಡ್ಡಿಗೂ ವ್ಯತ್ಯಾಸ ಇದೆ. ಒಂದೇ ಒಂದು ಕಡೆ ನಾನು ರಾಜಿಗೆ ಒಪ್ಪುವುದಿಲ್ಲ. ಮುಂಗಡ ತೀರಿಸುವವರೆಗೆ ಹೊರಗೆ ಬಿಡುವುದಿಲ್ಲ ಅಂತ ಕೂಡಿ ಹಾಕಿದ್ದರೆ, ಆಧಾರ್ ಕಿತ್ತಿಟ್ಟುಕೊಂಡಿದ್ದರೆ, ಅದು ಕೂಲಿ ತಕರಾರಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಬರುತ್ತದೆ. ಆಗ ನೇರ ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಅರ್ಜಿ. ಆ ಸಾಲವೇ ಕಾಯ್ದೆ ಪ್ರಕಾರ ರದ್ದಾಗುತ್ತದೆ, ಜೀತವಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ಎಸಿಯವರು ಕೊಡುವ ಬಿಡುಗಡೆ ಪತ್ರ ಕೈಗೆ ಬರದೆ ಜನರನ್ನು ರೈಲು ಹತ್ತಿಸಬಾರದು. ಪುನರ್ವಸತಿಯ ದುಡ್ಡು, ತಕ್ಷಣಕ್ಕೆ ಸಿಗುವ 30,000 ರೂಪಾಯಿವರೆಗಿನ ನೆರವು, ಎಲ್ಲ ಆ ಪತ್ರದ ಮೇಲೆ ನಿಂತಿದೆ.

ಫ್ಯಾಕ್ಟರಿ ಹುಡುಗರ ವಿಷಯ ಬೇರೆ. ಅವರ ಹತ್ತಿರ ಕಾಗದ ಜಾಸ್ತಿ, ಆದರೆ ಎಲ್ಲ ಫೋನಿನೊಳಗೆ. ಗೇಟ್ ಪಾಸಿನ ಫೋಟೋ, ಸೂಪರ್‌ವೈಸರ್ ಹಾಕಿದ ವಾಟ್ಸಾಪ್ ಶಿಫ್ಟ್ ಲಿಸ್ಟು, ಫೋನ್‌ಪೇಯಲ್ಲಿ ಬಂದ ಅಡ್ವಾನ್ಸು. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದರೆ ಯಾರ ಹೆಸರಿನಲ್ಲಿ ದುಡ್ಡು ಕಟ್ಟಿದ್ದಾರೆ ಅಂತ ಕಾಣುತ್ತದೆ. ಎಷ್ಟೋ ಸಲ ಹುಡುಗ ಹೆಸರೇ ಕೇಳಿರದ ಏಜೆನ್ಸಿ ಅದು! ಅಪಘಾತವಾಗಿದ್ದರೆ ಇಎಸ್‌ಐ (ಕಾರ್ಮಿಕರ ವಿಮೆ) ನಂಬರ್ ಇದೆಯಾ ಅಂತ ನೋಡುತ್ತೇವೆ. ಕೆಲಸದಲ್ಲಾದ ಗಾಯಕ್ಕೆ ಇಷ್ಟು ದಿನ ದುಡಿದಿರಬೇಕು ಅನ್ನುವ ಷರತ್ತಿಲ್ಲ, ಸೇರಿದ ಮೊದಲ ದಿನವೇ ಆದರೂ ಹಕ್ಕಿದೆ. ಆಸ್ಪತ್ರೆಯಲ್ಲಿ "ಬೈಕಿಂದ ಬಿದ್ದ" ಅಂತ ಬರೆಸುವ ಮೇಸ್ತ್ರಿಗಳಿದ್ದಾರೆ. ಜೊತೆಗೆ ಹೋದವರಿಗೆ ನಾನು ಹೇಳುವುದು ಇಷ್ಟೇ. ಡಾಕ್ಟರ್ ಕೇಳಿದಾಗ ಮೇಸ್ತ್ರಿ ಬಾಯಿ ತೆಗೆಯುವ ಮುಂಚೆ ನೀವು ಹೇಳಿ, ಎಲ್ಲಿ, ಯಾವ ಮೆಷಿನ್ ಅಂತ. ಮೊದಲ ಚೀಟಿಯಲ್ಲಿ ಬರೆದದ್ದನ್ನು ಆಮೇಲೆ ಅಳಿಸುವುದು ಬಹಳ ಕಷ್ಟ.

ಫೋನನ್ನೇ ಸಾಕ್ಷಿ ಮಾಡುವಾಗ ಸ್ಕ್ರೀನ್‌ಶಾಟ್ ನಮಗೆ ಕಳಿಸಿ ಅಂದರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು. ಅದರ ಮೊದಲ ಭಾಗಕ್ಕೆ ಫೋನಿನ ಯಜಮಾನನೇ ಸಹಿ ಹಾಕಬೇಕು. ಊರಿಗೆ ಹೋದ ಮೇಲೆ ಫೋನು ಮಾರಿಬಿಡುತ್ತಾರೆ, ಸಿಮ್ ಬದಲಾಯಿಸುತ್ತಾರೆ. ಆದ್ದರಿಂದ ವಕಾಲತ್ತು, ಅಫಿಡವಿಟ್ಟು, ಈ ಸರ್ಟಿಫಿಕೇಟು, ಮೂರಕ್ಕೂ ಒಟ್ಟಿಗೇ ಸಹಿ ಹಾಕಿಸಿಕೊಂಡು ಬಿಡುತ್ತೇವೆ. ಹೆಬ್ಬೆಟ್ಟು ಒತ್ತುವವರಾದರೆ, ಅವರ ಭಾಷೆಯಲ್ಲಿ ಓದಿ ಹೇಳಿದ್ದೇವೆ ಅಂತ ಕೆಳಗೆ ಬರೆದು, ಓದಿ ಹೇಳಿದವರ ಸಹಿಯೂ ಬೀಳಬೇಕು. ಈ ವಿಷಯದಲ್ಲಿ ಕೋಲಾರದವರಿಗೆ ಒಂದು ಅನುಕೂಲ ಇದೆ. ಒಡಿಶಾದಲ್ಲೇ ರಾಯಗಡ, ಕೋರಾಪುಟ್ ಕಡೆಯ ಎಷ್ಟೋ ಜನಕ್ಕೆ ತೆಲುಗು ಬರುತ್ತದೆ, ನಮ್ಮಲ್ಲಿ ಮನೆಮನೆಯಲ್ಲೂ ತೆಲುಗು. ಬಲಾಂಗೀರ್‌ನವರ ಜೊತೆ ಮಾತ್ರ ನನ್ನ ಮುರುಕಲು ಹಿಂದಿಯಲ್ಲೇ ಏಗಬೇಕು.

ಬಂಗಾಳಿ ಮಾತಾಡುವವರಿಗೆ ಕೂಲಿಗಿಂತ ಮುಂಚೆ ಇನ್ನೊಂದು ತಲೆನೋವು. ಮಾಲ್ದಾ, ಮುರ್ಶಿದಾಬಾದಿನವರನ್ನೂ ಬಾಂಗ್ಲಾದವರು ಅಂತ ಅನುಮಾನಿಸಿ ವಿಚಾರಣೆಗೆ ಕರೆಯುತ್ತಾರೆ. ಕೂಲಿ ಕೇಳಿದ ಮರುದಿನವೇ ಈ ಅನುಮಾನ ಹುಟ್ಟಿಕೊಳ್ಳುವುದನ್ನೂ ನೋಡಿದ್ದೇನೆ. ವಿದೇಶಿಯನಲ್ಲ ಅಂತ ತೋರಿಸುವ ಹೊಣೆ ಅವರ ಮೇಲೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಅದು ಹಾಗೇ ಉಳಿದಿದೆ. ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ. ಊರಿನಿಂದ ಅಪ್ಪನ ಹೆಸರಿರುವ ಹಳೇ ಮತದಾರರ ಪಟ್ಟಿಯ ಪುಟ, ಜಮೀನಿನ ಕಾಗದ, ಶಾಲೆಯ ಸರ್ಟಿಫಿಕೇಟು ತರಿಸಿ ಒಂದು ಫೈಲ್ ಮಾಡಿಟ್ಟುಕೊಳ್ಳಿ ಅಂತ ಮೊದಲೇ ಹೇಳಿರುತ್ತೇವೆ. ನಿಜವಾಗಿಯೂ ಗಡಿಯಾಚೆಯಿಂದ ಬಂದವರಾದರೂ ಕಸ್ಟಡಿಯಲ್ಲಿದ್ದರೆ ಉಚಿತ ವಕೀಲರನ್ನು ಕೇಳಬಹುದು. ನಿರಾಶ್ರಿತರ ಬಗ್ಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ, 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಆ ಕೇಸುಗಳಲ್ಲಿ ನಾವು ಮಾಡಬಹುದಾದದ್ದು ಕಡಿಮೆ, ಜಾಮೀನು ಮತ್ತು ಮಕ್ಕಳ ವಿಚಾರ ನೋಡಿಕೊಳ್ಳುವುದು ಬಿಟ್ಟರೆ.

ಕೇಸು ಗೆದ್ದ ಮೇಲೂ ಒಂದು ಕಂಟಕ ಉಂಟು, ಬ್ಯಾಂಕ್ ಖಾತೆ. ಜನಧನ್ ಖಾತೆ ಇರುತ್ತದೆ, ಕೆವೈಸಿ ಆಗದೆ ನಿಂತುಹೋಗಿರುತ್ತದೆ. 2025ರಲ್ಲಿ ಎಷ್ಟೋ ರಾಜ್ಯಗಳ ಗ್ರಾಮೀಣ ಬ್ಯಾಂಕುಗಳು ಒಂದರೊಳಗೊಂದು ಸೇರಿದವು, ಹಳೇ ಪಾಸ್‌ಬುಕ್ಕಿನ ಹೆಸರನ್ನು ನಂಬುವಂತಿಲ್ಲ. ಹೊರಡುವ ಮುಂಚೆ ಆ ಖಾತೆಗೆ ಒಂದು ರೂಪಾಯಿ ಹಾಕಿ ನೋಡುತ್ತೇವೆ, ಹೋದರೆ ಖಾತೆ ಜೀವಂತ. ಫೋನ್ ನಂಬರೂ ಅಷ್ಟೇ. ಅವರದೊಂದು, ಊರಿನ ಅಂಗಡಿಯವನದೊಂದು, ಹೆಣ್ಣುಮಕ್ಕಳಾದರೆ ತವರಿನದೊಂದು. ವಿಚಾರಣೆಗೆ ಕರೆದಾಗ ಅಷ್ಟು ದೂರದಿಂದ ಬರಲಾಗದವರನ್ನು ವಿಡಿಯೋ ಮೂಲಕ ಕೇಳಿ ಅಂತ ಅರ್ಜಿ ಹಾಕುತ್ತೇವೆ. ಅವರ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದ ಆಫೀಸಿನಲ್ಲಿ ಕೂರಿಸಿದರೆ ನೆಟ್‌ವರ್ಕ್ ಚಿಂತೆ ಇರುವುದಿಲ್ಲ.

ಈಚೆಗೆ ನಾವು ಮೇ ತನಕ ಕಾಯುತ್ತಿಲ್ಲ. ಸೀಸನ್ ಶುರುವಾಗುವಾಗಲೇ ಶೆಡ್ಡುಗಳಿಗೆ ಹೋಗಿ ಒಂದೊಂದು ಪಾಕೆಟ್ ನೋಟ್‌ಬುಕ್ ಕೊಟ್ಟು ಬರುತ್ತೇವೆ. ಬಂದ ತಾರೀಕು, ಮುಂಗಡ ಎಷ್ಟು, ರೇಟು ಎಷ್ಟು, ವಾರದ ಖರ್ಚಿಗೆ ಕೊಟ್ಟದ್ದು ಎಷ್ಟು ಅಂತ ಬರೆಯಲು ಗೆರೆ ಹಾಕಿರುತ್ತೇವೆ. ವಾರಕ್ಕೊಮ್ಮೆ ಅದರ ಫೋಟೋ ತೆಗೆದು ಊರಿನವರಿಗೆ ವಾಟ್ಸಾಪ್ ಮಾಡಿ ಅಂತ ಹೇಳಿಕೊಡುತ್ತೇವೆ, ತಾರೀಕು ತಾನಾಗೇ ದಾಖಲಾಗುತ್ತದೆ. ಎಲ್ಲ ಕಡೆ ಒಳಗೆ ಬಿಡುವುದಿಲ್ಲ. ಬಿಡದ ಕಡೆ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಕೊಟ್ಟು ಕಳಿಸುತ್ತೇವೆ. ಹೋದ ಸೀಸನ್‌ನಲ್ಲಿ ಒಂದು ಕಡೆ ಸರ್ದಾರನೇ ಅಡ್ಡ ಬಂದು, ಇದೆಲ್ಲ ಯಾಕೆ, ನನ್ನ ಜನ ನನ್ನನ್ನು ನಂಬುತ್ತಾರೆ ಅಂತ ಗದರಿದ. ನಾವು ವಾಪಸ್ ಹೊರಟಾಗ ಹಿಂದೆಯೇ ಬಂದು ತನಗೂ ಒಂದು ನೋಟ್‌ಬುಕ್ ಕೇಳಿದ. ಅವನ ಕಮಿಷನ್ನನ್ನೂ ಮಾಲೀಕರು ಬಾಕಿ ಇಟ್ಟುಕೊಂಡಿದ್ದರಂತೆ.