ಖಣದ ಚಿಂದಿಲೆ ಕ್ರಿಸ್‌ಮಸ್ ಸ್ಟಾರ್: ಮೂರನೇ ವರ್ಷಕ್ಕ ಕೈ ಹತ್ತಿತು

ಕಡೀಕೂ ಆತು ನೋಡ್ರಿ. ಕಳದ ಡಿಸೆಂಬರ್‌ದಾಗ 42 ಪೀಸ್ ಮಾಡಿ ಗೆಳತ್ಯಾರಿಗೆಲ್ಲಾ ಹಂಚೀನಿ, ಒಂದಕ್ಕ ಹತ್ತಿರ ಹತ್ತಿರ 8 ರೂಪಾಯಿ ಬಿದ್ದೈತಿ. "ಕುಬಸದ ಖಣ ತಗೊಂಡು ಕ್ರಿಸ್‌ಮಸ್ ಗಿಡಕ್ಕ ಕಟ್ತಾಳಂತ" ಅಂತ ನಕ್ಕವರ ಮನ್ಯಾಗನ ಈಗ ಅವು ಫ್ರಿಜ್ಜಿನ ಹ್ಯಾಂಡಲ್‌ಗೆ, ಸ್ಕೂಟಿ ಕೀಲಿಗೆ ಜೋತಾಡಾಕತ್ತಾವು.

ನಾನು ಬಾಗಲಕೋಟಿ ನವನಗರದಾಗ ಮನ್ಯಾಗ ಕುಬಸ ಹೊಲಿತೀನಿ. ಸಾಲ್ಯಾಗ ಕೂಡಿ ಕಲ್ತ ಮೂರು ಗೆಳತ್ಯಾರು ಕ್ರಿಶ್ಚಿಯನ್ರು, ವರ್ಷಾ ವರ್ಷ ಕೇಕು, ಕರಚೀಕಾಯಿ ಡಬ್ಬಿ ತುಂಬಿ ಕಳಸ್ತಾರ, ಡಬ್ಬಿ ಖಾಲಿ ತಿರುಗಿ ಕೊಡಾಕ ಬರಂಗಿಲ್ಲಲ್ಲ, ಅದಕ್ಕ ಶುರುವಾದ ಉದ್ಯೋಗ ಇದು.

ಮೊದಲನೇ ವರ್ಷ ಎಲ್ಲಾರೂ ಮಾಡೂದನ್ನ ಮಾಡಿದ್ನಿ, ಮೈದಾ-ಉಪ್ಪಿನ ಹಿಟ್ಟು. ಎರಡು ವಾಟಿ ಮೈದಾ, ಒಂದು ವಾಟಿ ಉಪ್ಪು, ಒಂದು ವಾಟಿ ನೀರು, ಅಳತಿ ನಿಮಗ ಗೊತ್ತೈತಿ. ಓವನ್ ಇಲ್ಲ, ಬಾಗಲಕೋಟಿ ಬಿಸಲು ಇರ್ಲಿಕ್ಕೆ ಓವನ್ ಯಾಕ ಅಂತ ಮಾಳಿಗಿ ಮ್ಯಾಲ ಒಣಗಾಕಿಟ್ನಿ. ಮ್ಯಾಲಿನ ಪದರ ಒಂದ ತಾಸಿನ್ಯಾಗ ಒಣಗಿ ಹಪ್ಪಳ ಆತು, ಒಳಗ ಹಸಿ ಉಳೀತು, ಸಂಜಿಕ ನೋಡಿದ್ರ ಬ್ಯಾಸಗಿ ಕೆರಿ ತಳದ್ಹಂಗ ಬಿರಕು. ಒಂದು ಇಪ್ಪತ್ತರಾಗ ಆರೇಳು ಉಳದ್ವು, ಅವಕ್ಕ ಬಣ್ಣ ಹಚ್ಚಿ ಕೊಟ್ನಿ. ಅದರಾಗ ಎರಡು ಗೋವಾಕ್ಕ ಹೋದ್ವು, ಅಲ್ಲಿ ಹಸಿ ಹವಾಕ್ಕ ಮೆತ್ತಗಾಗಿ ದಾರದ ತೂತು ಹರಕೊಂಡು ಬಿದ್ವಂತ. ಇನ್ನೂರು ರೂಪಾಯಿ ಹೋತು, ಮೂರು ದಿನದ ಹೊಲಿಗಿ ಕೂಲಿ ಬ್ಯಾರೆ.

ಎರಡನೇ ವರ್ಷ ಪಿಒಪಿ, ಅಂದ್ರ ಪ್ಲಾಸ್ಟರ್ ಆಫ್ ಪ್ಯಾರಿಸ್. ಸಿಲಿಕಾನ್ ಅಚ್ಚು ಆನ್‌ಲೈನ್‌ದಾಗ 350ರ ಆಸುಪಾಸು ಕೊಟ್ಟು ತರಿಸಿದ್ನಿ, ಪೀಸು ಚಂದ ಬಂದ್ವು, ಸುಳ್ಳು ಹೇಳಂಗಿಲ್ಲ, ಆದ್ರ ಹುಬ್ಬಳ್ಳಿ ಗೆಳತಿಗೆ ಬಸ್ಸಿನ್ಯಾಗ ಕಳಸಿದ್ದು ಅರ್ಧ ಪುಡಿ ಆಗಿ ಮುಟ್ಟಿತು. ಉಳದದ್ದು ಕಟ್ಟಿದ್ರ ಆಕಿ ಮನಿ ಪ್ಲಾಸ್ಟಿಕ್ ಗಿಡದ ಟೊಂಗಿ ಭಾರಕ್ಕ ತಲಿ ಬಗ್ಗಿಸಿ ನಿಂತ್ವು. ನಮ್ಮ ಮನಿಯವರು "ಇನ್ನ ಸಾಕ ಬಿಡು, ಅಂಗಡ್ಯಾಗ ನೂರಿಪ್ಪತ್ತಕ್ಕ ಗಿಡಕ್ಕ ಕಟ್ಟೂ ಆರು ಗುಂಡು ಸಿಗ್ತಾವು" ಅಂದ್ರು. ಆ ಮಾತು ಕುಂತ್ರೂ ನಿಂತ್ರೂ ಕಿವ್ಯಾಗ.

ನಡುವ ಜೋಳದ ದಂಟಿನ ಹುಚ್ಚೂ ಹಿಡದಿತ್ತು. ಸಣ್ಣಾಕಿ ಇದ್ದಾಗ ದಂಟಿನ ಬಂಡಿ ಮಾಡ್ತಿದ್ವಿ, ಹಗುರ ಇರತೈತಿ, ಸಿಪ್ಪಿ ಸೀಳಿ ದಾರ ಸುತ್ತಿದ್ರ ಸ್ಟಾರ್ ಆಗತೈತಿ ಅಂತ. ಆದ್ರ ಡಿಸೆಂಬರ್‌ದಾಗ ಹಿಂಗಾರಿ ಜೋಳ ಹೊಲದಾಗ ಇನ್ನೂ ಹಸರ ನಿಂತಿರತೈತಿ, ಬಣವ್ಯಾಗಿಂದು ಹ್ವಾದ ವರ್ಷದ್ದು, ಸೀಳಿದ್ರ ಒಳಗ ಹುಳ. ನಾಕು ಮಾಡಿದ್ನಿ, ನಾಲ್ಕರಾಗಿಂದೂ ಹಿಟ್ಟು ಉದುರಾಕತ್ತಿತು. ಸುಗ್ಗಿ ಆದ ಮ್ಯಾಲ ಹೊಸಾ ದಂಟು ತಗದಿಟ್ರ ಬರಬಹುದು, ಯಾರರ ಮಾಡಿ ನೋಡ್ರಿ.

ಖಣ ಹೊಳದದ್ದು ಹೆಂಗಂದ್ರ, ಒಂದಿನ ಉಡಿ ತುಂಬಾಕ ಖಣ ಮೂರು ಮೂಲಿ ಮಡಚಿ ತಾಟಿನ್ಯಾಗ ಇಟ್ಟಿದ್ನಿ, ಹಸರ ಬಣ್ಣದ್ದು, ಕೆಂಪು ಅಂಚು. ಮಗ ಬಂದು "ಮಮ್ಮಿ, ಕ್ರಿಸ್‌ಮಸ್ ಟ್ರೀ" ಅಂದ. ಹೌದಲ್ಲ! ಮಶಿನ್ ಕೆಳಗ ಚಿಂದಿ ಗೋಣಿಚೀಲ ತುಂಬಿ ಬಿದ್ದೈತಿ, ನಾನು ಮೈದಾ ನಾದಾಕತ್ತೀನಿ.

ಹಂಗಂತ ಮೊದಲನೇ ಸಲಕ್ಕ ಬರಲಿಲ್ಲ. ಖಣಕ್ಕ ಕತ್ತರಿ ಬಿತ್ತಂದ್ರ ಎಳಿ ಬಿಚ್ಚೂದು ಹೊಲ್ಯಾವರಿಗೆಲ್ಲಾ ಗೊತ್ತು. ಅಂಚಿಗೆ ಫೆವಿಕಾಲ್ ಹಚ್ಚಿದ್ನಿ, ಮ್ಯಾಲಿನ ಮಗ್ಗಲಿಗೆ ಕಲಿ ಬಿದ್ವು, ಕೆಂಪಿನ ಬಣ್ಣ ಬಿಳಿ ಎಳಿಗೆ ಇಳೀತು. ಹೊಲದು ಒಳಗ-ಹೊರಗ ಮಾಡಿದ್ನಿ, ಮೂರಿಂಚಿನ ಸ್ಟಾರ್‌ದ ಮೂಲಿ ಹೊರಗ ಬರಂಗಿಲ್ಲ, ಸ್ಟಾರ್ ಹೋಗಿ ಹುಣಸಿ ಬೀಜ ಆತು. ಒಂದು ಹನ್ನೆರಡು ಪೀಸ್ ಹಾಳ ಮಾಡಿದ ಮ್ಯಾಲ ತಿಳೀತು, ಮೊದಲು ಹೊಲಿಗಿ, ಆಮ್ಯಾಲ ಕತ್ತರಿ. ಒಂದು ಸ್ಟಾರ್‌ಗೆ ಖಣದ ಎರಡು ತುಂಡು ತಗೊಂಡು, ಎರಡರ ಹಿಂದೂ ಪೇಪರ್ ಫ್ಯೂಸಿಂಗ್ (ಕಾವಿಗೆ ಅರಿವಿಗೆ ಅಂಟೂ ತೆಳ್ಳನ ಅಸ್ತರ) ಇಸ್ತ್ರಿ ಮಾಡಿ ಅಂಟಸ್ರಿ, ಮ್ಯಾಲ ಹತ್ತಿ ಅರಿವಿ ಇಟಗೊಂಡು, ಇಸ್ತ್ರಿ ಮೀಡಿಯಂದಾಗ ಇರ್ಲಿ, ಇಲ್ಲಾಂದ್ರ ಖಣದಾಗಿನ ಆರ್ಟ್ ಸಿಲ್ಕ್ (ನಕಲಿ ರೇಷ್ಮಿ) ಸುಟ್ಟು ಮುದುಡತೈತಿ. ಬೆನ್ನಿಗೆ ಬೆನ್ನು ಕೂಡಿಸಿ, ಸ್ಟಾರ್‌ದ ಗೆರಿ ಎಳದು, ಆ ಗೆರಿ ಮ್ಯಾಲ ಸಣ್ಣ ಹೊಲಿಗಿ ಹಾಕಿ ಒಂದು ಬಟ್ಟಿನಷ್ಟು ಸಂದಿ ಬಿಡ್ರಿ, ಹೊಲಿಗಿ ಹೊರಗ ಝಿಗ್‌ಝಾಗ್ ಕತ್ತರಿಲೆ ಕತ್ತರಸ್ರಿ. ತಿರುವೂ ಕೆಲಸನ ಇಲ್ಲ, ಮೂಲಿ ಚೂಪ ಉಳೀತಾವು. ಹತ್ತಿಯನ್ನ ಊದಿನಕಡ್ಡಿ ಹಿಂದಿನ ತುದೀಲೆ ಮೂಲಿಗೆ ಒತ್ತಬೇಕು, ಭಾಳ ತುಂಬಬ್ಯಾಡ್ರಿ, ಲಾಡು ಆಗತೈತಿ.

ಖಣದ ಮ್ಯಾಲಿನ ತೇರಿನ ಚಿತ್ತಾರ ಸ್ಟಾರ್‌ದ ನಟ್ಟನಡುವ ಕೂಡ್ರೂದು ಹೆಂಗ, ಚಿಂದಿ ದಂಡ ಆಗದಂಗ, ಅದಕ್ಕೊಂದು ಹಿಕಮತ್ತು ಐತಿ, ಅದನ್ನ ಇಲ್ಲಿ ಹೇಳಂಗಿಲ್ಲ. ಮನಿಗೆ ಬರ್ರಿ, ಚಹಾ ಕುಡಕೊಂತ ತೋರಸ್ತೀನಿ.

ರೊಕ್ಕದ ಲೆಕ್ಕ ಬಾಯಿಲೆ ಹೇಳಾಕತ್ತೀನಿ, ಚೀಟಿ ಕಳದೈತಿ. ನನ್ನ ಚಿಂದಿ ಪುಕ್ಕಟ, ಬಣ್ಣ ಸಾಲಲಿಲ್ಲ ಅಂತ ಖಣ ನೇಯೂ ಊರು ಗುಳೇದಗುಡ್ಡಕ್ಕ ಹೋಗಿ ಡಾಗು ಬಿದ್ದ ತುಂಡು ತಂದದ್ದು 150, ಫ್ಯೂಸಿಂಗ್ 70, ಸಣ್ಣ ಗೆಜ್ಜಿ ನಾಕು ಡಜನ್ 80, ಜರಿ ದಾರ 40. ಹತ್ತಿ ಹಳೇ ತಲಿದಿಂಬಿಂದು, ಬಿಚ್ಚಿ ಬಿಸಲಿಗೆ ಹಾಕಿ ಬಡದದ್ದು. ಬಸ್ಸಿಂದು, ನನ್ನ ಕೂಲಿ ಹಿಡದಿಲ್ಲ, ಹಿಡದ್ರ ನಮ್ಮ ಮನಿಯವರ ಮಾತ ಖರೆ ಆಗತೈತಿ. ಗೆಜ್ಜಿ ಮಾತ್ರ ಬಿಡಬ್ಯಾಡ್ರಿ, ಸ್ಟಾರ್ ಕೆಳಗ ಒಂದ ಒಂದು ಸಾಕು, ಫ್ಯಾನ್ ಹಚ್ಚಿದ್ರ ಇಡೀ ಗಿಡ ಝಣಝಣ ಅಂತೈತಿ.

ಗೆಳತಿ ಮನ್ಯಾಗ ಗೋದಲಿ ಪಕ್ಕ ಗಿಡ ನಿಂದರಿಸಿ ನನ್ನ ಪೀಸ್ ಎಲ್ಲಾ ಕಟ್ಟಿದ್ಲು. ಬಾಜೂಮನಿ ಅಜ್ಜಿ ಕೇಕ್ ತಿನ್ನಾಕ ಬಂದಾಕಿ ಗಿಡದ ಮುಂದ ನಿಂತು, ಒಂದು ಖಣ ಮುಟ್ಟಿ ನೋಡಿ, "ಯವ್ವಾ, ಗಿಡದ ಉಡಿ ತುಂಬೀರೇನ?" ಅಂದ್ಲು. ಗೆಳತಿ ನಕ್ಕು ನಕ್ಕು ಹೌದಜ್ಜಿ ಅಂದ್ಲು, ಅಜ್ಜಿ ನಿಜ ಅನ್ಕೊಂಡು ಗಿಡಕ್ಕ ಕೈ ಮುಗದು ಹೋದ್ಲು.

ಈ ವರ್ಷ ನೂರು ಪೀಸ್ ಕೇಳ್ಯಾರ, ಅದರಾಗ ಮೂವತ್ತು ರೊಕ್ಕ ಕೊಟ್ಟು ತಗೊಳ್ಳಾವ್ರು. ದಸರಾ ಮುಗದ ಕೂಡಲೇ ಶುರು ಮಾಡ್ತೀನಿ, ತುಳಸಿ ಲಗ್ನ ಆತಂದ್ರ ಮದುವಿ ಕುಬಸ ರಾಶಿ ಬೀಳತಾವು, ಮಶಿನ್ ನನ್ನ ಕೈಗೆ ಸಿಗಂಗಿಲ್ಲ.