ಹಳೆಯ ಮನೆಯ ತೊಲೆ: ಕಾಣುವಂತೆ ಬಿಡಬೇಕೋ, ಮುಚ್ಚಬೇಕೋ?

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಹಳೆಯ ಓಣಿಗಳಲ್ಲಿ ಮನೆಯ ನವೀಕರಣಕ್ಕೆ ಕೈಹಾಕಿದವರಿಗೆ ಗುತ್ತಿಗೆದಾರರು ಕೊಡುವ ಮೊದಲ ಸಲಹೆ ಸಾಮಾನ್ಯವಾಗಿ ಫಾಲ್ಸ್ ಸೀಲಿಂಗಿನದು. ಕಪ್ಪಾದ ತೊಲೆ, ಜಂತೆಗಳನ್ನು ಜಿಪ್ಸಮ್ ಹಲಗೆಯಿಂದ ಮುಚ್ಚಿಬಿಟ್ಟರೆ ಪಡಸಾಲೆ ಹೊಸದಾಗಿ ಕಾಣುತ್ತದೆ ಎಂಬುದು ಅವರ ವಾದ. ಇನ್ನು ಕೆಲವರಿಗೆ ಹಳೆಯ ಬಣ್ಣ ಕೆರೆದು ಸಾಗವಾನಿಯ ಮೈಯನ್ನು ಹೊರಗೆ ತರಬೇಕೆಂಬ ಆಸೆ. ಎರಡೂ ಅಂದದ ಮಾತುಗಳು. ಆ ತೊಲೆ ಈಗ ಗಟ್ಟಿಯಾಗಿದೆಯೇ, ಮುಂದೆ ಅದು ಕೆಡತೊಡಗಿದರೆ ನಮಗೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗಳು ಅಂದಕ್ಕಿಂತ ಮೊದಲು ಬರಬೇಕು. ನನ್ನ ನಿಲುವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಸಂಶಯವಿರುವ ತೊಲೆಯನ್ನು ಎಂದಿಗೂ ಮುಚ್ಚಬಾರದು, ಮತ್ತು ಕಟ್ಟಿಗೆಯ ತೊಲೆಯನ್ನು ಸಾಧ್ಯವಾದಷ್ಟೂ ಕಣ್ಣಿಗೆ ಬೀಳುವಂತೆಯೇ ಉಳಿಸಿಕೊಳ್ಳಬೇಕು.

ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ನಮ್ಮ ಮಣ್ಣಿನ ಮಾಳಿಗೆಗಳಲ್ಲಿ ಗೋಡೆಯಿಂದ ಗೋಡೆಗೆ ಅಥವಾ ಕಂಬದಿಂದ ಕಂಬಕ್ಕೆ ದಪ್ಪನೆಯ ತೊಲೆ ಕೂತಿರುತ್ತದೆ. ಅದರ ಮೇಲೆ ಅಡ್ಡಲಾಗಿ ಜಂತೆಗಳು, ಜಂತೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಕಂಬದ ತಲೆಯ ಮೇಲಿನ ಬೋದಿಗೆ ತೊಲೆಯ ಭಾರವನ್ನು ಹರಡಿ ಕಂಬಕ್ಕೆ ದಾಟಿಸುತ್ತದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದೊಳಗೆ ನಿಂತು ತಲೆಯೆತ್ತಿದರೆ ಕಂಬ, ಬೋದಿಗೆ, ತೊಲೆಗಳ ಇದೇ ಕ್ರಮ ಕಲ್ಲಿನಲ್ಲಿ ಕಾಣುತ್ತದೆ. ಆದ್ದರಿಂದ ಬೋದಿಗೆಯನ್ನು ಬರೀ ಕೆತ್ತನೆಯ ಅಲಂಕಾರವೆಂದು ತಿಳಿದು ಬಿಚ್ಚಿಸಿ ಮಾರಲು ಹೋಗಬೇಡಿ.

ಮಾಳಿಗೆಯ ಮಣ್ಣಿನ ತೂಕವನ್ನು ನಾವು ಬಹಳ ಕಡಿಮೆ ಅಂದಾಜು ಮಾಡುತ್ತೇವೆ. ಒಂದು ಅಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 500 ಕೆಜಿ ಭಾರವಾಗುತ್ತದೆ. ಎಂದರೆ 10 ಅಡಿಗೆ 12 ಅಡಿಯ ಸಣ್ಣ ಕೋಣೆಯ ತಲೆಯ ಮೇಲೆ 5.5 ಟನ್‌ಗೂ ಹೆಚ್ಚು ಭಾರವಿರುತ್ತದೆ, ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು. ಸೋರಿಕೆ ತಡೆಯಲೆಂದು ಮುಂಗಾರಿಗೆ ಮುಂಚೆ ಸವಳು ಮಣ್ಣಿನ ಮೇಲ್ಮುದ್ದೆ ಹಾಕುತ್ತ ಬಂದ ಮನೆಗಳಲ್ಲಿ ಹಳೆಯ ಪದರನ್ನು ಕೆರೆದು ತೆಗೆಯದಿದ್ದರೆ ದಪ್ಪ ಏರುತ್ತಲೇ ಹೋಗಿರುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಈ ಜಿಲ್ಲೆಗಳಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಹಾಗಾಗಿ ಒಳಗಿನ ಅಂದದ ಮಾತಿಗೆ ಮುನ್ನ ಮಾಳಿಗೆ ಹತ್ತಿ, ಗವಾಕ್ಷಿಯ (ಮಾಳಿಗೆಯಲ್ಲಿನ ಬೆಳಕಿಂಡಿಯ) ಅಂಚಿನಲ್ಲಿ ಮಣ್ಣಿನ ದಪ್ಪವನ್ನು ಅಳೆಯಿರಿ. ಹೆಚ್ಚುವರಿ ಮಣ್ಣನ್ನು ಇಳಿಸುವುದಾದರೆ ಎಲ್ಲ ಬದಿಗಳಿಂದಲೂ ಸಮನಾಗಿ, ತೆಳುವಾದ ಪದರುಗಳಲ್ಲಿ ಇಳಿಸಬೇಕು. ಒಂದೇ ಮೂಲೆಯಲ್ಲಿ ರಾಶಿ ಹಾಕಬಾರದು.

ತೊಲೆಯನ್ನು ಪರೀಕ್ಷಿಸುವ ಬಗೆ

ತೊಲೆ ಸಾಮಾನ್ಯವಾಗಿ ನಡುವಿನಲ್ಲಿ ಕೊಳೆಯುವುದಿಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ಕೊಳೆಯುತ್ತದೆ. ಮಣ್ಣಿನ ಗೋಡೆ ತೇವವನ್ನು ಹಿಡಿದಿಡುತ್ತದೆ, ಕಟ್ಟಿಗೆಯ ತೇವಾಂಶ ಶೇ 20ನ್ನು ದಾಟಿ ಹಾಗೆಯೇ ನಿಂತರೆ ಶಿಲೀಂಧ್ರ ಬೆಳೆಯುತ್ತದೆ, ಅದೇ ತೇವದ ದಾರಿಯಲ್ಲಿ ಒರಲೆಯೂ ಬರುತ್ತದೆ. ಆದ್ದರಿಂದ ಪ್ರತಿ ತೊಲೆಯ ಎರಡೂ ತುದಿಗಳಲ್ಲಿ ಗೋಡೆಯ ಗಿಲಾವನ್ನು ಒಂದು ಗೇಣಿನಷ್ಟು ಬಿಡಿಸಿ, ಚೂಪಾದ ದಬ್ಬಣ ಅಥವಾ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಗಟ್ಟಿ ಕಟ್ಟಿಗೆ ಮೊನೆಯನ್ನು ತಡೆಯುತ್ತದೆ; ಕೆಟ್ಟ ಕಟ್ಟಿಗೆಯೊಳಗೆ ಅದು ಸಲೀಸಾಗಿ ಇಳಿಯುತ್ತದೆ. ಕಟ್ಟಿಗೆಯ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಿ, ಎಲ್ಲಿ ಸದ್ದು ಪೊಳ್ಳಾಗುತ್ತದೆಯೋ ಅಲ್ಲಿ ಸುಣ್ಣದಿಂದ ಗುರುತು ಹಾಕಿಕೊಳ್ಳಿ. ಗೋಡೆಯಿಂದ ತೊಲೆಗೆ ಏರಿದ ಮಣ್ಣಿನ ಗೆರೆ ಇದ್ದರೆ ಅದು ಒರಲೆ. ಸಣ್ಣ ತೂತುಗಳ ಕೆಳಗೆ ನುಣುಪಾದ ಪುಡಿ ಉದುರುತ್ತಿದ್ದರೆ ಅದು ಕಟ್ಟಿಗೆ ಕೊರೆಯುವ ಹುಳು. ಎರಡಕ್ಕೂ ಉಪಚಾರ ಬೇರೆ ಬೇರೆ.

ಬಿರುಕುಗಳನ್ನು ಕಂಡ ಕೂಡಲೇ ಹೆದರಬೇಕಾಗಿಲ್ಲ. ಎಳೆಯ ಗುಂಟ ಉದ್ದಕ್ಕೆ ಓಡುವ ಸೀಳುಗಳು ಬಹುಮಟ್ಟಿಗೆ ಕಟ್ಟಿಗೆ ಒಣಗುವಾಗ ಬಂದವು. ಆದರೆ ತೊಲೆಯ ನಡುಭಾಗದ ಕೆಳಮೈಯಲ್ಲಿ ಎಳೆಗೆ ಅಡ್ಡಲಾಗಿ ಬಿದ್ದ ಬಿರುಕು ಅಪಾಯದ ಸೂಚನೆ. ಅದನ್ನು ಕಂಡ ದಿನವೇ ಕೆಳಗೆ ಜಾಕಿ ಅಥವಾ ಗಟ್ಟಿ ಕಂಬ ಕೊಟ್ಟು, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು. ಗೌಂಡಿಯ ಅನುಭವ ದೊಡ್ಡದು, ಆದರೆ ಈ ತೀರ್ಮಾನವನ್ನು ಅವರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ.

ಬಾಗನ್ನು ಅಳೆಯಲು ತೊಲೆಯ ತುದಿಯಿಂದ ತುದಿಗೆ ದಾರವನ್ನು ಬಿಗಿದು ಕಟ್ಟಿ, ನಡುವಿನಲ್ಲಿ ತೊಲೆ ದಾರಕ್ಕಿಂತ ಎಷ್ಟು ಕೆಳಗಿದೆ ಎಂದು ನೋಡಿ. ಭಾರತೀಯ ಮಾನಕ 883 ಕಟ್ಟಿಗೆಯ ತೊಲೆಗೆ ಅದರ ಉದ್ದದ 240ನೇ ಒಂದು ಭಾಗದಷ್ಟು ಬಾಗನ್ನು ಒಪ್ಪುತ್ತದೆ. ಕೆಳಗೆ ಜಿಪ್ಸಮ್‌ನಂತಹ ಒಡೆಯುವ ವಸ್ತು ಇದ್ದರೆ 360ನೇ ಒಂದು ಭಾಗ ಮಾತ್ರ. ಎಂದರೆ 3.6 ಮೀಟರ್ ತೊಲೆಗೆ ಮೊದಲನೆಯದು 15 ಮಿಮೀ, ಎರಡನೆಯದು 10 ಮಿಮೀ. ಬಾಗು ಹಳೆಯದಾಗಿ ನಿಂತುಹೋಗಿದೆಯೋ ಇನ್ನೂ ಇಳಿಯುತ್ತಿದೆಯೋ ಎಂಬುದು ಒಂದು ಮಳೆಗಾಲ ಅಳತೆ ಬರೆದಿಟ್ಟುಕೊಂಡರೆ ತಿಳಿಯುತ್ತದೆ. ಇಳಿಯುತ್ತಿರುವ ತೊಲೆಗೆ ತಗುಲಿಸಿದ ಜಿಪ್ಸಮ್ ಸೀಲಿಂಗ್ ಮೊದಲ ವರ್ಷವೇ ಬಿರಿಯುತ್ತದೆ, ಪುಟ್ಟಿ ಮೆತ್ತಿದಷ್ಟೂ ಬಿರಿಯುತ್ತದೆ.

ಓಣಿಯ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ನಡುಗೋಡೆ ಎರಡೂ ಮನೆಗಳಿಗೆ ಒಂದೇ ಆಗಿದ್ದರೆ ನೆರೆಯವರ ತೊಲೆಯ ತುದಿಯೂ ಅದರಲ್ಲೇ ಕೂತಿರುತ್ತದೆ. ಅವರಿಗೆ ತಿಳಿಸದೆ ಆ ಗೋಡೆಯನ್ನು ಕೊರೆಯಬೇಡಿ. ತೊಲೆಯನ್ನೋ ಗೋಡೆಯನ್ನೋ ಬದಲಿಸುವ ಕೆಲಸಕ್ಕೆ ಮಹಾನಗರ ಪಾಲಿಕೆಯಲ್ಲಿ ಅಥವಾ ನಿಮ್ಮೂರಿನ ಸ್ಥಳೀಯ ಸಂಸ್ಥೆಯಲ್ಲಿ ಮೊದಲೇ ವಿಚಾರಿಸಿ.

ಕಾಣುವಂತೆ ಬಿಡುವುದಾದರೆ

ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಆದ್ದರಿಂದ ಒಣ ಮರಳು ಕಾಗದದಿಂದಾಗಲಿ ಯಂತ್ರದಿಂದಾಗಲಿ ಉಜ್ಜಿ ಧೂಳೆಬ್ಬಿಸಬಾರದು. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಬಣ್ಣವನ್ನು ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ. ಈ ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆಡೆ ಇರಿಸಿ.

ಹಿಂದೆ ಒಲೆಯ ಹೊಗೆ ತೊಲೆಗಳನ್ನು ಒಣಗಿಸಿಟ್ಟು ಹುಳುವನ್ನು ದೂರವಿಡುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಕಾವಲು ಇಲ್ಲ. ಅದಕ್ಕಾಗಿ ಬಣ್ಣ ತೆಗೆದ ಬರಿಯ ಕಟ್ಟಿಗೆಗೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಕುಂಚದಿಂದ ಎರಡು ಮೂರು ಸಲ ಕುಡಿಸಿ, ಪೂರ್ತಿ ಒಣಗಲು ಬಿಟ್ಟು, ನಂತರ ಟರ್ಪೆಂಟೈನ್ ಬೆರೆಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆಯಬೇಡಿ, ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು. ನೀರಲ್ಲಿ ನೆನೆಸಿ ಹರಡಿ ಒಣಗಿಸಿ. ತೊಲೆಯ ತುದಿಯ ಸುತ್ತ ಸಿಮೆಂಟ್ ಗಿಲಾವನ್ನು ಬಿಗಿಯಾಗಿ ತುಂಬದೆ, ಅರ್ಧ ಇಂಚಿನಷ್ಟಾದರೂ ಗಾಳಿಯಾಡಲು ಜಾಗ ಬಿಡಿ. ವೈರಿಂಗ್‌ಗಾಗಿ ತೊಲೆಯ ಕೆಳಮೈಯಲ್ಲಿ ಸಣ್ಣ ಕಾಲುವೆ ತೋಡಲು ಬಿಡಲೇಬೇಡಿ. ಎಳೆತವನ್ನು ಹೊರುವ ಭಾಗ ಅದೇ.

ಮಾಳಿಗೆಯಿಂದ ಮಣ್ಣು ಉದುರುತ್ತದೆ ಎಂಬ ದೂರು ನಿಜವಾದದ್ದು. ಅದಕ್ಕೆ ನಾನು ಮನಸಾರೆ ಸೂಚಿಸುವ ದಾರಿಯೆಂದರೆ, ಜಂತೆ ಜಂತೆಗಳ ನಡುವಿನ ಅಂಕಣಗಳನ್ನು ಮಾತ್ರ ತೆಳು ಹಲಗೆಯಿಂದಲೋ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡಿನಿಂದಲೋ ಮುಚ್ಚಿ, ಸ್ಕ್ರೂ ಬಿಚ್ಚಿದರೆ ಕೆಳಗಿಳಿಯುವಂತೆ ಕೂಡಿಸುವುದು. ತೊಲೆ, ಜಂತೆ ಎರಡೂ ಕಾಣುತ್ತವೆ, ಬಿಳಿಯ ಅಂಕಣಗಳಿಂದ ಕೋಣೆಗೆ ಬೆಳಕು ಬರುತ್ತದೆ, ಕೋಣೆಯ ಎತ್ತರವೂ ಉಳಿಯುತ್ತದೆ.

ಮುಚ್ಚಲೇಬೇಕಾದರೆ

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಯ ಎತ್ತರ 2.75 ಮೀಟರ್, ತೊಲೆಯ ಕೆಳಗೆ ಕನಿಷ್ಠ 2.4 ಮೀಟರ್ ಇರಬೇಕು. ಅನೇಕ ಹಳೆಯ ಪಡಸಾಲೆಗಳಲ್ಲಿ ಈ ಲೆಕ್ಕ ಈಗಾಗಲೇ ಬಿಗಿಯಾಗಿರುತ್ತದೆ. ಅರ್ಧ ಅಡಿ ಕೆಳಗಿಳಿಸಿದರೆ ಫ್ಯಾನ್ ತಲೆಗೆ ಹತ್ತಿರ ಬರುತ್ತದೆ. ಎತ್ತರ ಸಾಕಷ್ಟಿದ್ದರೆ, ದುರಸ್ತಿ ಮುಗಿದ ಮೇಲಷ್ಟೇ ಮುಚ್ಚಿ, ಪ್ರತಿ ತೊಲೆಯ ತುದಿಯ ಕೆಳಗೆ ತೆಗೆಯಬಹುದಾದ ಕಿಂಡಿಯೊಂದನ್ನು ಇಡಿ, ಎದುರುಬದುರು ಗೋಡೆಗಳಲ್ಲಿ ಜಾಲರಿ ಹಾಕಿ ಮೇಲಿನ ಜಾಗದಲ್ಲಿ ಗಾಳಿ ಹರಿಯುವಂತೆ ಮಾಡಿ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಟಾರ್ಚ್ ಹಿಡಿದು ಆ ಕಿಂಡಿಗಳಲ್ಲಿ ನೋಡುವುದು ಮನೆಯವರ ಕೆಲಸ. ತೊಲೆಯ ಕೆಳಗೆ ಮಲಗಬಾರದೆಂಬ ನಂಬಿಕೆಯಿಂದ ಮುಚ್ಚಬೇಕೆನ್ನುವವರು ಮೊದಲು ಮಂಚದ ಜಾಗ ಬದಲಿಸುವ ಯೋಚನೆ ಮಾಡಲಿ.

ಕೆಲವು ದಶಕಗಳ ಹಿಂದಿನ ಆರ್‌ಸಿಸಿ ಮನೆಗಳ ಮಾತು ಬೇರೆ. ಅಲ್ಲಿ ಚಾಚಿಕೊಂಡ ಬೀಮ್‌ಗಳನ್ನು ಸೀಲಿಂಗಿನೊಳಗೆ ಸೇರಿಸುವುದರಲ್ಲಿ ತಪ್ಪಿಲ್ಲ. ಆದರೆ ಕಾಂಕ್ರೀಟಿನ ಮೈ ಕಾಣಲೆಂದು ಬೀಮಿನ ಗಿಲಾವನ್ನು ಉಳಿಯಿಂದ ಕೀಳಿಸಬೇಡಿ, ಒಳಗಿನ ಕಬ್ಬಿಣದ ಮೇಲೆ ಕಾಂಕ್ರೀಟಿನ ಹೊದಿಕೆ ತೆಳುವಾಗಿದ್ದರೆ ತುಕ್ಕಿಗೆ ದಾರಿ ತೆರೆದಂತಾಗುತ್ತದೆ. ಸರಳಿನ ಗುಂಟ ಬಿರುಕು ಬಿದ್ದಿದ್ದರೆ ತುಕ್ಕು ಆಗಲೇ ಉಬ್ಬಿ ಕಾಂಕ್ರೀಟನ್ನು ತಳ್ಳುತ್ತಿದೆ ಎಂದರ್ಥ; ಸೋರಿಕೆ ನಿಲ್ಲಿಸಿ, ಬೀಮಿಗೆ ಆಧಾರ ಕೊಟ್ಟು, ಸಡಿಲಾದದ್ದನ್ನು ತೆಗೆದು, ತುಕ್ಕು ಉಜ್ಜಿ, ಪಾಲಿಮರ್ ಗಾರೆಯಿಂದ ಸರಿಪಡಿಸಬೇಕು. ಕಬ್ಬಿಣದ ಗರ್ಡರ್ ಅಥವಾ ಹಳೆಯ ರೈಲು ಹಳಿಗಳನ್ನೇ ತೊಲೆಯಾಗಿಸಿದ ಕೋಣೆಗಳಲ್ಲಿ ತುಕ್ಕು ಕೆರೆದು ಪ್ರೈಮರ್ ಹಚ್ಚಿ ತೆರೆದೇ ಬಿಡಿ. ಅಡುಗೆಮನೆಯಲ್ಲಿ ಮಾತ್ರ ಬೆಂಕಿ ತಡೆಯುವ ಬೋರ್ಡಿನಿಂದ ಹೊದಿಸುವುದು ಲೇಸು, ಏಕೆಂದರೆ ಸುಮಾರು 550 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ತನ್ನ ಅರ್ಧದಷ್ಟು ಬಲವನ್ನು ಕಳೆದುಕೊಳ್ಳುತ್ತದೆ.

ಪರೀಕ್ಷೆಗೆ ಸರಿಯಾದ ಸಮಯ ಮಳೆಗಾಲದ ಕೊನೆ, ಸೋರಿದ ಗುರುತುಗಳು ಹಸಿಯಾಗಿರುವಾಗ. ಕೆಲಸಕ್ಕೆ ಸರಿಯಾದ ಸಮಯ ದೀಪಾವಳಿಯಿಂದ ಯುಗಾದಿಯವರೆಗೆ, ಕಟ್ಟಿಗೆ ಒಣಗಿರುವಾಗ. ಯಾವ ತೊಲೆಯನ್ನೇ ಮುಚ್ಚಲಿ, ಮುಚ್ಚುವ ಮುನ್ನ ಅದರ ಎರಡೂ ತುದಿಗಳ ಫೋಟೋ ತೆಗೆದು, ಗೋಡೆಯಿಂದ ಅಳತೆ, ಕಂಡ ದೋಷ, ಮಾಡಿಸಿದ ದುರಸ್ತಿ, ಹಚ್ಚಿದ ಔಷಧ ಇವನ್ನು ತಾರೀಖಿನೊಂದಿಗೆ ಬರೆದು ಮನೆಯ ಕಾಗದಪತ್ರಗಳ ಜೊತೆ ಇರಿಸಿ.