ಹತ್ತು ವರ್ಷದ ಮೇಲೆ ಮತ್ತೆ ಬಸಿರು: ನಾನು ಗಮನ ಕೊಟ್ಟ ಸಂಗತಿಗಳು

"ಎರಡನೇದು ತಾನೆ, ಸಲೀಸಾಗಿ ಆಗುತ್ತೆ ಬಿಡು" ಎನ್ನುವವರೇ ಎಲ್ಲ. ಎರಡು-ಮೂರು ವರ್ಷದ ಅಂತರಕ್ಕೆ ಆ ಮಾತು ಒಪ್ಪಬಹುದು. ಹತ್ತು ವರ್ಷ ದಾಟಿದರೆ ಬಿಪಿ ಏರುವ ಅಪಾಯ ಹೆಚ್ಚುಕಡಿಮೆ ಚೊಚ್ಚಲ ಬಸಿರಿನಷ್ಟೇ ಇರುತ್ತದೆ, ಹೆರಿಗೆಯೂ ನಿಧಾನವಾಗಬಹುದು. ಹಾಗಾಗಿ ನಾನು ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದೆ.

ಬಸಿರಿಗೆ ಮುಂಚೆಯೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್; ಥೈರಾಯ್ಡ್, ಶುಗರ್, ಹಿಮೋಗ್ಲೋಬಿನ್ ಪರೀಕ್ಷೆ. ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿಡಿ. ಆಗ ಸಿಸೇರಿಯನ್ ಆಗಿತ್ತೇ, ಬಿಪಿ ಇತ್ತೇ, ರಕ್ತಸ್ರಾವ ಹೆಚ್ಚಾಗಿತ್ತೇ ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ಆಶಾ ಕಾರ್ಯಕರ್ತೆಗೆ ಹೇಳಿ ಹೊಸ ತಾಯಿ ಕಾರ್ಡ್ ಮಾಡಿಸಬೇಕು. ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಇಂಜೆಕ್ಷನ್ ಕೂಡ ನಾಲ್ಕು ವಾರದ ಅಂತರದಲ್ಲಿ ಎರಡು. ಒಂದೇ ಬೂಸ್ಟರ್ ಸಾಕಾಗುವುದು ಮೂರು ವರ್ಷದೊಳಗೆ ಮತ್ತೆ ಬಸಿರಾದವರಿಗೆ.

ಮೂರು ತಿಂಗಳು ತುಂಬುವ ಹೊತ್ತಿಗೆ, ಬಿಪಿ ಏರುವ ಅಪಾಯ ತಗ್ಗಿಸಲು ಸಣ್ಣ ಡೋಸ್ ಆಸ್ಪಿರಿನ್ ಬೇಕೇ ಎಂದು ಡಾಕ್ಟರನ್ನು ಕೇಳಲೇಬೇಕು. ಅಂತರದ ಜೊತೆಗೆ ನಲವತ್ತರ ವಯಸ್ಸೋ ಹೆಚ್ಚು ತೂಕವೋ ಸೇರಿದರೆ ಸಾಮಾನ್ಯವಾಗಿ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ.

ನಾನು ಬಹಳ ಜೋಪಾನ ಮಾಡಿದ್ದು ಬಿಪಿ. ಮನೆಯಲ್ಲಿ ನೋಡುವಾಗ ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಬೇಕು, ಮೂತ್ರ ಕಟ್ಟಿರಬಾರದು. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ಪಟ್ಟಿ ಬರಿ ತೋಳಿನ ಮೇಲೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ತೋಳು ಎದೆಯ ಮಟ್ಟಕ್ಕೆ. ತೋಳು ದಪ್ಪವಿದ್ದು ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿ ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. 140/90 ಮುಟ್ಟಿದರೆ ಅಂದೇ ಆಸ್ಪತ್ರೆಗೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಊದುವುದು ಕಂಡರೆ ಅಂಕಿ ಎಷ್ಟೇ ಇರಲಿ, ಕಾಯಬೇಡಿ.

ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುವೆ ಎರಡು ಗಂಟೆ ಬಿಟ್ಟು, ಕಬ್ಬಿಣದ್ದನ್ನು ನಿಂಬೆ ಪಾನಕದೊಂದಿಗೆ ತೆಗೆದುಕೊಂಡೆ. ಮಲ ಕಪ್ಪಾದರೆ ಗಾಬರಿ ಬೇಡ.

ಹೆರಿಗೆಯಾದ ಮೇಲೆ ಮಗು ಹಾಲು ಚೀಪುವಾಗ ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ, ಚೊಚ್ಚಲಿಗಿಂತ ಜೋರಾಗಿಯೇ. ಗರ್ಭಕೋಶ ಕುಗ್ಗುವ ನೋವದು, ಒಳ್ಳೆಯದೇ. ಆದರೆ ಒಂದು ಪ್ಯಾಡ್ ಗಂಟೆಯೊಳಗೆ ಪೂರ್ತಿ ನೆನೆದರೆ ತಕ್ಷಣ ನರ್ಸಮ್ಮನನ್ನು ಕರೆಯಿರಿ. ಬಾಣಂತಿಗೆ ನೀರು ಕಮ್ಮಿ ಕೊಡುವ ಪದ್ಧತಿಯನ್ನು ಮಾತ್ರ ನಾನು ಒಪ್ಪಲಿಲ್ಲ. ಹಾಲೂಡಿಸುವಾಗಲೆಲ್ಲ ಬಾಯಾರುತ್ತದೆ, ಬಾಯಾರಿದಷ್ಟೂ ಕುಡಿಯಬೇಕು.